ಮೂರು ಸಲ ಎಂಜಿನ್ ಬಿಚ್ಚಿಸಿದೆ, ಕಾರು ಮತ್ತೆ ನೀರು ಕುಡಿಯುತ್ತಿದೆ. ಏನು ಮಾಡಲಿ?

ಪ್ರಶ್ನೆ: ನಾನು ಜಮಖಂಡಿಯವನು, ಕಿರಾಣಿ ಅಂಗಡಿ ಇದೆ. 2021ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. 2014ರ ಮಾಡೆಲ್, 1.3 ಲೀಟರ್ ಡೀಸೆಲ್. ಎರಡು ವರ್ಷ ಚೆನ್ನಾಗಿ ಓಡಿತು. 2023ರ ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋಗುವಾಗ ಬಬಲೇಶ್ವರ ದಾಟಿದ ಮೇಲೆ ಹೀಟ್ ಆಗಿ ನಿಂತಿತು. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ ‘ಹೆಡ್’, ಕೆಳಭಾಗ ‘ಬ್ಲಾಕ್’, ಇವೆರಡರ ನಡುವಿನ ಸೀಲು) ಹೋಗಿದೆ ಎಂದು ಬದಲಿಸಿದರು, ₹18,000. ಎಂಟು ತಿಂಗಳಿಗೆ ಮತ್ತೆ ಅದೇ ಕಥೆ. ಈ ಸಲ ಹೆಡ್ ಫೇಸಿಂಗ್ (ಹೆಡ್ಡಿನ ಮೇಲ್ಮೈ ಹೆರೆದು ಸಮ ಮಾಡುವುದು) ಮಾಡಿಸಿ ₹34,000 ಆಯಿತು. ಕಳೆದ ದಸರಾ ಹೊತ್ತಿಗೆ ಬೇರೆ ಗ್ಯಾರೇಜಿನಲ್ಲಿ ಸಿಲಿಂಡರ್ ಬೋರ್ ಮಾಡಿಸಿ ಪಿಸ್ಟನ್, ರಿಂಗ್ ಎಲ್ಲ ಹಾಕಿಸಿದೆ, ₹95,000. ಈಗ ನಾಲ್ಕು ಸಾವಿರ ಕಿ.ಮೀ. ಕೂಡ ಓಡಿಲ್ಲ, ವಾರಕ್ಕೊಮ್ಮೆ ಅರ್ಧ ಲೀಟರ್ ನೀರು ಹಾಕಬೇಕು. ರೇಡಿಯೇಟರಿನ ನೀರಿನ ಡಬ್ಬಿಯಲ್ಲಿ ಗುಳ್ಳೆ ಬರುತ್ತದೆ. ಹೊರಗೆಲ್ಲೂ ಸೋರುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಬಿಳಿ ಹೊಗೆ. ಆಯಿಲ್ ಮಾತ್ರ ಚೆನ್ನಾಗಿದೆ. ಒಬ್ಬರು ‘ಈ ಎಂಜಿನ್ನೇ ಸರಿ ಇಲ್ಲ, ಸ್ಕ್ರ್ಯಾಪ್ ಎಂಜಿನ್ ಕೂರಿಸಿ’ ಅನ್ನುತ್ತಾರೆ. ಶೋರೂಮಿನವರು ಹೊಸ ಎಂಜಿನ್ ಬ್ಲಾಕ್‌ಗೆ ₹1.8 ಲಕ್ಷ ಹೇಳುತ್ತಾರೆ. ಇನ್ನೊಬ್ಬರು ಎಲ್ಲಾ ಎಥನಾಲ್ ಮಹಿಮೆ ಅಂತಾರೆ. ಇನ್ನೂ ದುಡ್ಡು ಹಾಕಲೋ, ಮಾರಿಬಿಡಲೋ? ಮಿಸ್ತ್ರಿಗಳ ಮೇಲೆ ಕೇಸು ಹಾಕಬಹುದಾ?

ಉತ್ತರ: ಪ್ರಶ್ನೆಯ ಜೊತೆ ಮೂರು ಬಿಲ್ಲುಗಳ ಮತ್ತು ಎಂಜಿನ್‌ನ ಫೋಟೋ ಕಳಿಸಿದ್ದೀರಿ, ಒಳ್ಳೆಯದಾಯಿತು. ನಾನು ಮೊದಲು ಓದಿದ್ದು ಬಿಲ್ಲುಗಳನ್ನೇ. ಗ್ಯಾಸ್ಕೆಟ್ ಇದೆ, ಫೇಸಿಂಗ್ ಇದೆ, ಪಿಸ್ಟನ್, ರಿಂಗ್, ಬೇರಿಂಗ್, ಲೇಬರ್ ಎಲ್ಲ ಇವೆ. ಆದರೆ ಮೂರೂ ಬಿಲ್ಲಿನಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಅನ್ನುವ ಸಾಲು ಒಂದೂ ಇಲ್ಲ. ರೇಡಿಯೇಟರ್ ಇಲ್ಲ, ವಾಟರ್ ಪಂಪ್ ಇಲ್ಲ, ಹೊಸ ಹೆಡ್ ಬೋಲ್ಟ್ ಇಲ್ಲ, ಯಾವ ಪರೀಕ್ಷೆಯ ಚಾರ್ಜೂ ಇಲ್ಲ. ₹1,47,000 ಖರ್ಚಾದ ಮೇಲೂ ಕಾರು ಮೊದಲನೇ ಸಲ ಯಾಕೆ ಹೀಟ್ ಆಯಿತು ಎಂದು ಯಾರೂ ಹುಡುಕಿಲ್ಲ. ಹೆಡ್ ಗ್ಯಾಸ್ಕೆಟ್ ತಾನಾಗಿ ಹೋಗುವುದು ಕಡಿಮೆ. ಎಂಜಿನ್ ಕಾದದ್ದರಿಂದ ಅದು ಹೋಗುತ್ತದೆ. ಕಾಯುವುದಕ್ಕೆ ಏನು ಕಾರಣವೋ ಅದು ಕಾರಿನಲ್ಲೇ ಉಳಿದಿದ್ದರೆ ಹೊಸ ಗ್ಯಾಸ್ಕೆಟ್ಟೂ ಹೋಗುತ್ತದೆ, ಹೊಸ ಪಿಸ್ಟನ್ನೂ ಹೋಗುತ್ತದೆ.

ಹಾಗಾಗಿ ಸದ್ಯ ಯಾರಿಗೂ ಎಂಜಿನ್ ಬಿಚ್ಚಲು ಕೊಡಬೇಡಿ. ಸ್ಕ್ರ್ಯಾಪ್ ಎಂಜಿನ್ನಿನ ಮಾತಂತೂ ಈಗಲೇ ಬೇಡ.

ನಿಮ್ಮ ಕಿವಿಗೆ ಬಿದ್ದ ಮಾತುಗಳಲ್ಲಿ ಮೊದಲು ಎಥನಾಲ್ ವಿಷಯ ಮುಗಿಸೋಣ. ನಿಮ್ಮದು ಡೀಸೆಲ್ ಕಾರು. ಎಥನಾಲ್ ಬೆರೆಸುವುದು ಪೆಟ್ರೋಲಿಗೆ, ಅಷ್ಟೇ. ಜಮಖಂಡಿ, ಮುಧೋಳದ ಸುತ್ತ ಸಕ್ಕರೆ ಕಾರ್ಖಾನೆ ಜಾಸ್ತಿ, ಎಥನಾಲ್ ಮಾತು ದಿನಾ ಕಿವಿಗೆ ಬೀಳುತ್ತದೆ, ಹಾಗಾಗಿ ಏನಾದರೂ ಅದರ ತಲೆಗೆ ಕಟ್ಟುವುದು ಸುಲಭ. ಹಳೆಯ ಪೆಟ್ರೋಲ್ ಗಾಡಿಗಳಲ್ಲಿ ಇ20ಯಿಂದ (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಮೈಲೇಜ್ ಸ್ವಲ್ಪ ಕಡಿಮೆಯಾಗುವುದು, ರಬ್ಬರ್ ಪೈಪು, ಸೀಲುಗಳ ಮೇಲೆ ಪರಿಣಾಮ, ಇವೆಲ್ಲ ಬೇರೆ ಚರ್ಚೆ. ನಿಮ್ಮ ಕಾರಿಗೂ ಅದಕ್ಕೂ ಸಂಬಂಧ ಇಲ್ಲ.

‘ನಮ್ಮ ಕಡೆ ಬಿಸಿಲು ಜಾಸ್ತಿ, ಈ ಕಾರು ತಡೆಯಲ್ಲ’ ಎಂದು ಕೆಲವರು ಹೇಳುವುದುಂಟು, ಅದೂ ಪೂರ್ತಿ ನಿಜವಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಆದರೆ ಇದೇ ಕಾರುಗಳು ರಾಜಸ್ಥಾನದಲ್ಲೂ ಓಡುತ್ತವೆ. ಓಡುವ ಎಂಜಿನ್ನಿನ ಒಳಗೆ ಕೂಲಂಟ್ ಸಾಮಾನ್ಯವಾಗಿ 85ರಿಂದ 95 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ, ಅದು ಕೆಲಸ ಮಾಡುವ ಸರಿಯಾದ ಬಿಸಿಯೇ. ಹೊರಗೆ 42 ಇದ್ದರೂ ಸರಿಯಾಗಿರುವ ರೇಡಿಯೇಟರ್ ಅದನ್ನು ನಿಭಾಯಿಸುತ್ತದೆ. ಕೂಲಿಂಗ್ ವ್ಯವಸ್ಥೆ ಮೊದಲೇ ಸೊರಗಿದ್ದರೆ ಚಳಿಗಾಲದಲ್ಲಿ ಹೇಗೋ ನಡೆಯುತ್ತದೆ, ಬಿಸಿಲಿಗೆ ಸಿಕ್ಕಿಬೀಳುತ್ತದೆ. ನಿಮಗೆ ಏಪ್ರಿಲ್‌ನಲ್ಲೇ ಕೈಕೊಟ್ಟದ್ದು ಅದಕ್ಕೇ ಇರಬಹುದು.

ಇನ್ನು ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ಕವಾಟ. ಎರಡನೇ ಬಿಲ್ಲಿನ ಹಿಂದೆ ಮಿಸ್ತ್ರಿ ಕೈಬರಹದಲ್ಲಿ ‘ಥರ್ಮೋ ತೆಗೆದಿದೆ’ ಎಂದು ಬರೆದಿದ್ದಾರೆ, ನೀವು ಗಮನಿಸಿದ್ದೀರೋ ಇಲ್ಲವೋ. ನಮ್ಮ ಕಡೆ ಇದು ರೂಢಿಯೇ ಆಗಿಬಿಟ್ಟಿದೆ. ಬಿಸಿ ದೇಶಕ್ಕೆ ಅದು ಬೇಕಿಲ್ಲ, ತೆಗೆದರೆ ನೀರು ಸಲೀಸಾಗಿ ಹರಿಯುತ್ತದೆ ಎನ್ನುವ ಲೆಕ್ಕ. ಆದರೆ ತುಂಬ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್‌ಗೆ ಎರಡು ಕೆಲಸ. ಎಂಜಿನ್ ಕಾದಾಗ ರೇಡಿಯೇಟರ್ ಕಡೆಯ ಬಾಗಿಲು ತೆರೆಯುತ್ತದೆ, ಅದೇ ಹೊತ್ತಿಗೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಒಂದಷ್ಟು ಬಿಸಿ ನೀರು ರೇಡಿಯೇಟರ್ ಮುಖವನ್ನೇ ನೋಡದೆ ಎಂಜಿನ್‌ಗೆ ವಾಪಸ್ ಬರುತ್ತದೆ. ಸುಮ್ನೆ ಊರಲ್ಲಿ ಓಡಾಡುವಾಗ ಗೊತ್ತಾಗುವುದಿಲ್ಲ. ಐದು ಜನ ಕೂತು, ಎಸಿ ಹಾಕಿ, ಘಾಟಿ ಏರುವಾಗ ಗೊತ್ತಾಗುತ್ತದೆ. ಬೆಳಗಿನ ಹೊತ್ತು ಎಂಜಿನ್ ಬೇಗ ಬಿಸಿಯಾಗದೆ ಡೀಸೆಲ್ ಜಾಸ್ತಿ ಕುಡಿಯುವುದು, ಮಸಿ ಕಟ್ಟುವುದು ಬೇರೆ. ಇದನ್ನು ಮೊದಲು ವಾಪಸ್ ಹಾಕಿಸಿ. ದೊಡ್ಡ ಖರ್ಚಿನ ಭಾಗವಲ್ಲ.

ಈಗ ನೀರಿನ ಮಾತಿಗೆ ಬರೋಣ. ನನ್ನ ಅನುಮಾನವೆಲ್ಲ ಇಲ್ಲೇ ಇದೆ.

ನೀವು ‘ನೀರು ಹಾಕಬೇಕು’ ಎಂದು ಬರೆದಿದ್ದೀರಿ. ಯಾವ ನೀರು? ನಮ್ಮ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಗಡಸು. ಡೋಣಿ ನದಿ ಸೀಮೆಯ ಕಡೆ ಉಪ್ಪಿನಂಶ ಇನ್ನೂ ಜಾಸ್ತಿ. ಮನೆಯಲ್ಲಿ ನೀರು ಕಾಸುವ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಪದರ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಅದೂ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಮೊದಲು. ಎಕ್ಸಾಸ್ಟ್ ವಾಲ್ವ್‌ಗಳ ಸುತ್ತ, ಎರಡು ಸಿಲಿಂಡರ್‌ಗಳ ನಡುವಿನ ಸಣ್ಣ ಸಂದಿಯಲ್ಲಿ. ಆ ಪದರ ಶಾಖವನ್ನು ನೀರಿಗೆ ಸರಿಯಾಗಿ ದಾಟಿಸುವುದಿಲ್ಲ. ಲೋಹ ಒಳಗೊಳಗೇ ಕಾಯುತ್ತದೆ, ಆದರೆ ಮೀಟರಿನ ಮುಳ್ಳು ನೀರಿನ ಬಿಸಿಯನ್ನು ಮಾತ್ರ ತೋರಿಸುವುದರಿಂದ ನಿಮಗೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ನೀರಿನಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಂ ಹೆಡ್ಡನ್ನು ಕೊರೆಯುವುದು ಇನ್ನೊಂದು ಕಡೆ. ರೇಡಿಯೇಟರಿನ ತೆಳು ಕೊಳವೆಗಳು ಕಟ್ಟಿಕೊಳ್ಳುವುದು ಮತ್ತೊಂದು.

ಇಂಥ ಎಂಜಿನ್‌ಗಳಲ್ಲಿ ಕೆಳಗಿನ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಕಬ್ಬಿಣದ ಎರಡು ಪಟ್ಟು. ಎರಡರ ನಡುವೆ ಸಿಕ್ಕಿಕೊಂಡಿರುವುದು ಗ್ಯಾಸ್ಕೆಟ್. ಒಂದು ಸಲ ವಿಪರೀತ ಕಾದರೆ ಹೆಡ್ ಬಾಗುತ್ತದೆ. ಎಷ್ಟು ಬಾಗಿದರೆ ತೊಂದರೆ ಗೊತ್ತಾ? ತುಂಬ ಎಂಜಿನ್‌ಗಳಿಗೆ 0.05 ಮಿಲಿಮೀಟರ್ ಆಸುಪಾಸು ಮಿತಿ. ಕಣ್ಣಿಗೆ ಕಾಣುವಂಥದ್ದಲ್ಲ. ಸ್ಟ್ರೈಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಅದರ ಕೆಳಗೆ ಫೀಲರ್ ಗೇಜ್ (ತೆಳು ಅಳತೆ ಎಲೆ) ತೂರಿಸಿ ನೋಡಬೇಕು. ಹೆಡ್ಡನ್ನಷ್ಟೇ ನೋಡಿದರೂ ಸಾಲದು, ಬ್ಲಾಕಿನ ಮೇಲ್ಮೈಯನ್ನೂ ನೋಡಬೇಕು.

ಕೂಲಂಟ್ ಅಂದರೆ ಬಣ್ಣದ ನೀರು ಎಂದು ತಿಳಿದವರು ಇನ್ನೂ ಇದ್ದಾರೆ. ಅದರಲ್ಲಿ ಅರ್ಧದಷ್ಟು ಗ್ಲೈಕಾಲ್, ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳು. ಆ ಮಿಶ್ರಣ, ಮೇಲೆ ಸರಿಯಾಗಿ ಕೂತ ಪ್ರೆಶರ್ ಕ್ಯಾಪ್, ಎರಡೂ ಇದ್ದರೆ 120 ಡಿಗ್ರಿ ದಾಟಿದರೂ ಅದು ಕುದಿಯುವುದಿಲ್ಲ. ಬರೀ ನೀರು ಹಾಕಿ ಕ್ಯಾಪಿನ ರಬ್ಬರ್ ಸವೆದಿದ್ದರೆ 100ಕ್ಕೇ ಆವಿ. ಆರ್‌ಒ ನೀರು ಬೋರ್ ನೀರಿಗಿಂತ ಎಷ್ಟೋ ವಾಸಿ, ಆದರೆ ಅದರಲ್ಲಿ ತುಕ್ಕು ತಡೆಯುವುದು ಏನೂ ಇರುವುದಿಲ್ಲ. ಹಸಿರು, ಕೆಂಪು, ನೀಲಿ ಬರೀ ಬಣ್ಣ, ಅದನ್ನು ನೋಡಿ ಜಾತಿ ತಿಳಿಯುವುದಿಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದ್ದನ್ನೇ, ರೆಡಿಮಿಕ್ಸ್ ರೂಪದಲ್ಲಿ ಹಾಕುವುದು ಸುರಕ್ಷಿತ.

ಮತ್ತೊಂದು ಸಂಗತಿ ನಮ್ಮ ಸೀಮೆಯದ್ದೇ. ಕಬ್ಬಿನ ಸೀಸನ್‌ನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರಾಕ್ಟರಿನ ಹಿಂದೆ ಎರಡನೇ ಗೇರಿನಲ್ಲಿ ಮೈಲುಗಟ್ಟಲೆ ಹೋಗುತ್ತೇವೆ ಅಲ್ವಾ? ಗಾಳಿ ಕಡಿಮೆ, ಮೇಲಿಂದ ರವದಿ (ಕಬ್ಬಿನ ಒಣ ಗರಿ), ಕೆಳಗಿಂದ ಎರೆಮಣ್ಣಿನ ಧೂಳು. ಇದೆಲ್ಲ ಹೋಗಿ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಕೂರುತ್ತದೆ. ಮುಂದಿನಿಂದ ನೋಡಿದರೆ ಕಂಡೆನ್ಸರ್ ಚೊಕ್ಕ ಕಾಣುತ್ತದೆ, ಎರಡನ್ನೂ ಬೇರೆ ಮಾಡಿ ನೋಡಿದರೆ ಕಂಬಳಿ ಹಾಸಿದ ಹಾಗೆ ಧೂಳು. ನಮ್ಮ ವರ್ಕ್‌ಶಾಪಿಗೆ ‘ಹೀಟ್ ಆಗ್ತಿದೆ’ ಎಂದು ಬರುವ ಎಷ್ಟೋ ಗಾಡಿಗಳಿಗೆ ಇದನ್ನು ತೊಳೆಯುವುದೇ ಅರ್ಧ ಚಿಕಿತ್ಸೆ. ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಪ್ರೆಶರ್ ನೀರಿನಲ್ಲಿ ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ಜೋರು ಪೈಪ್ ಹಿಡಿದರೆ ರೆಕ್ಕೆಗಳೆಲ್ಲ ಮಡಚಿ ದಾರಿಯೇ ಮುಚ್ಚಿಹೋಗುತ್ತದೆ.

ಈಗ ನಿಮ್ಮ ಇವತ್ತಿನ ಲಕ್ಷಣಗಳು. ನೀರು ಕಡಿಮೆಯಾಗುತ್ತದೆ, ಹೊರಗೆ ಸೋರಿಕೆ ಇಲ್ಲ, ಡಬ್ಬಿಯಲ್ಲಿ ಗುಳ್ಳೆ, ಬೆಳಿಗ್ಗೆ ಬಿಳಿ ಹೊಗೆ, ಆಯಿಲ್ ಸ್ವಚ್ಛ. ಯಾರೇ ನೋಡಿದರೂ ‘ಹೆಡ್ ಗ್ಯಾಸ್ಕೆಟ್’ ಎನ್ನುತ್ತಾರೆ. ಇರಬಹುದು. ಆದರೆ ನಿಮ್ಮ ಫೋಟೋದಲ್ಲಿ ಈಜಿಆರ್ ಕೂಲರ್ ಕಾಣುತ್ತಿದೆ, ಮೂರು ಬಿಲ್ಲಿನಲ್ಲೂ ಅದನ್ನು ಮುಟ್ಟಿದ ಗುರುತಿಲ್ಲ. ಈ ಭಾಗದ ಕೆಲಸ ಏನೆಂದರೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ಮೊದಲು ಕೂಲಂಟಿನಿಂದ ತಣಿಸುವುದು. ಒಳಗೆ ತೆಳ್ಳಗಿನ ಕೊಳವೆಗಳು. ಒಂದು ಕಡೆ ಬೆಂಕಿಯಂಥ ಹೊಗೆ, ಇನ್ನೊಂದು ಕಡೆ ಕೂಲಂಟ್. ವರ್ಷಗಟ್ಟಲೆ ಬೋರ್ ನೀರು ಕುಡಿದ ಗಾಡಿಯಲ್ಲಿ ಅದು ತೂತು ಬೀಳಬಹುದು. ಬಿದ್ದರೆ, ಗಾಡಿ ಭಾರದಲ್ಲಿ ಓಡುವಾಗ ಹೊಗೆ ಕೂಲಂಟಿಗೆ ನುಗ್ಗುತ್ತದೆ, ಡಬ್ಬಿಯಲ್ಲಿ ಗುಳ್ಳೆ. ನಿಲ್ಲಿಸಿದ ಮೇಲೆ ಕೂಲಂಟ್ ಆ ಕಡೆ ಇಳಿಯುತ್ತದೆ, ಬೆಳಿಗ್ಗೆ ಬಿಳಿ ಹೊಗೆ. ಆಯಿಲಿಗೆ ಏನೂ ಆಗುವುದಿಲ್ಲ. ನೀವು ಬರೆದ ಎಲ್ಲ ಲಕ್ಷಣ ಇದಕ್ಕೂ ಹೊಂದುತ್ತವೆ. ಹೀಗಿದ್ದರೆ ನಾಲ್ಕನೇ ಸಲ ಹೆಡ್ ಬಿಚ್ಚಿದರೂ ಏನೂ ಸಿಗುವುದಿಲ್ಲ.

ಅದಕ್ಕೇ ಪರೀಕ್ಷೆ ಮೊದಲು. ಒಂದನೆಯದು ಪ್ರೆಶರ್ ಟೆಸ್ಟ್. ತಣ್ಣಗಿರುವ ಎಂಜಿನ್ನಿನ ಕೂಲಂಟ್ ವ್ಯವಸ್ಥೆಗೆ ಕೈಪಂಪಿನಿಂದ ಕ್ಯಾಪಿನ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಕಾಲು ಗಂಟೆ ನೋಡುವುದು, ಜೊತೆಗೆ ಆ ಕ್ಯಾಪನ್ನೂ ಪರೀಕ್ಷಿಸುವುದು. ಎರಡನೆಯದು, ಡಬ್ಬಿಯ ಬಾಯಿಗೆ ಹಿಡಿಯುವ ನೀಲಿ ದ್ರವದ ಪರೀಕ್ಷೆ. ಕೂಲಂಟಿನಲ್ಲಿ ಹೊಗೆಯ ಅನಿಲ ಇದ್ದರೆ ಅದರ ಬಣ್ಣ ಬದಲಾಗುತ್ತದೆ. ಹೊಗೆ ಬಂದಿದೆ ಎಂದು ಅದು ಹೇಳುತ್ತದೆ, ಎಲ್ಲಿಂದ ಎಂದು ಹೇಳುವುದಿಲ್ಲ. ಗ್ಯಾಸ್ಕೆಟ್‌ನಿಂದಲೋ, ಹೆಡ್ಡಿನ ಬಿರುಕಿನಿಂದಲೋ, ಈಜಿಆರ್ ಕೂಲರ್‌ನಿಂದಲೋ ತಿಳಿಯಬೇಕಾದರೆ ಮೂರನೆಯದು ಮಾಡಿ. ಕೂಲರಿನ ಎರಡು ಕೂಲಂಟ್ ಪೈಪುಗಳನ್ನು ಬಿಡಿಸಿ, ಒಂದಕ್ಕೊಂದು ನೇರ ಜೋಡಿಸಿ, ಹೊಗೆ ಕಡೆಯ ದಾರಿಯನ್ನೂ ತಾತ್ಕಾಲಿಕವಾಗಿ ಮುಚ್ಚಿಸಿ, ನಾಲ್ಕೈದು ದಿನ ಓಡಿಸಿ. ಗುಳ್ಳೆ ನಿಂತರೆ ಕಳ್ಳ ಸಿಕ್ಕ. ಇದು ಪರೀಕ್ಷೆಗೆ ಮಾತ್ರ, ಹಾಗೇ ಬಿಟ್ಟು ಓಡಾಡುವುದಕ್ಕಲ್ಲ. ಈ ಎಲ್ಲದಕ್ಕೂ ಸೇರಿ ಆಗುವ ಖರ್ಚು, ನೀವು ಮೊದಲ ಗ್ಯಾಸ್ಕೆಟ್‌ಗೆ ಕೊಟ್ಟದ್ದರ ಸಣ್ಣ ಪಾಲು.

ಮಿಸ್ತ್ರಿಗಳು ಯಾಕೆ ಇದನ್ನು ಮಾಡಲಿಲ್ಲ? ಕಸುಬಿನವನಾಗಿ ಒಂದು ಮಾತು ಹೇಳುತ್ತೇನೆ. ಪರೀಕ್ಷೆಗೆ ದುಡ್ಡು ಕೇಳಿದರೆ ಗಿರಾಕಿ ‘ಬರೀ ನೋಡಿದ್ದಕ್ಕೆ ದುಡ್ಡಾ?’ ಎನ್ನುತ್ತಾರೆ. ಪಾರ್ಟ್ ಬದಲಿಸಿದರೆ ಮಾತಿಲ್ಲದೆ ಕೊಡುತ್ತಾರೆ. ಹಾಗಾಗಿ ಗ್ಯಾರೇಜಿನ ಹೊಟ್ಟೆ ತುಂಬುವುದು ಪಾರ್ಟಿನಿಂದ. ಎಲ್ಲರೂ ಮೋಸಗಾರರೇನಲ್ಲ, ಆದರೆ ಹುಡುಕುವ ಕೆಲಸಕ್ಕೆ ಕೂಲಿ ಇಲ್ಲದ ಕಡೆ ಯಾರೂ ಹುಡುಕುವುದಿಲ್ಲ. ನೀವು ಹೋದ ಕೂಡಲೇ ‘ರಿಪೇರಿ ಆಮೇಲೆ, ಮೊದಲು ಕಾರಣ ಹುಡುಕಿ, ಅದಕ್ಕೆ ಎಷ್ಟಾಗುತ್ತದೆ ಹೇಳಿ’ ಎಂದು ಕೇಳಿ. ಈ ಮಾತಿಗೆ ಮುಖ ಸಿಂಡರಿಸುವ ಗ್ಯಾರೇಜಿನಿಂದ ಹಾಗೇ ವಾಪಸ್ ಬನ್ನಿ.

ಈಜಿಆರ್ ಕೂಲರ್ ತಪ್ಪಿತಸ್ಥ ಆಗಿದ್ದರೆ ಅದನ್ನು ಬದಲಿಸಿ, ಬ್ಲಾಕನ್ನು ಫ್ಲಶ್ ಮಾಡಿಸಿ, ಹೊಸ ರೇಡಿಯೇಟರ್, ಕ್ಯಾಪ್, ಥರ್ಮೋಸ್ಟಾಟ್ ಹಾಕಿಸಿ, ಸರಿಯಾದ ಕೂಲಂಟ್ ತುಂಬಿಸಿ. ಹಳೆಯ ರೇಡಿಯೇಟರನ್ನೇ ರಾಡ್ ಹೊಡೆಸಿ (ಕೊಳವೆಗಳಲ್ಲಿ ಸರಳು ತೂರಿಸಿ ಕಸ ತೆಗೆಸಿ) ಉಳಿಸುವ ಆಸೆ ಬೇಡ. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ ರೇಡಿಯೇಟರ್‌ಗಳಿಗೆ ಆ ಹಳೇ ವಿದ್ಯೆ ಹೊಂದುವುದಿಲ್ಲ.

ಹೆಡ್ಡೇ ಬಿಚ್ಚಬೇಕಾಗಿ ಬಂದರೆ ಮಾತ್ರ ಕೆಲವು ಕರಾರು ಹಾಕಿ. ಹೆಡ್ಡನ್ನು ಒತ್ತಡ ಪರೀಕ್ಷೆಗೆ ಕೊಡಬೇಕು, ಬಿರುಕಿದ್ದರೆ ಫೇಸಿಂಗ್ ಮಾಡಿ ಪ್ರಯೋಜನವಿಲ್ಲ. ಬೆಳಗಾವಿಯ ಉದ್ಯಮಬಾಗದ ಕಡೆ ವಿಚಾರಿಸಿದರೆ ಯಂತ್ರದ ಕೆಲಸ ಬಲ್ಲವರು ಸಿಗುತ್ತಾರೆ, ಒಂದು ದಿನದ ಓಡಾಟ ಆದರೂ ಪರವಾಗಿಲ್ಲ. ಡೀಸೆಲ್ ಹೆಡ್ಡನ್ನು ಎಷ್ಟು ಬೇಕಾದರೂ ಹೆರೆಯಲು ಬರುವುದಿಲ್ಲ. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಬಹಳ ಕಡಿಮೆ, ಕೆಲವು ಕಂಪನಿಗಳು ಹೆರೆಯಲೇಬಾರದು ಎನ್ನುತ್ತವೆ. ನಿಮ್ಮದು ಒಂದು ಸಲ ಆಗಲೇ ಹೆರೆದ ಹೆಡ್, ಈಗ ಎಷ್ಟು ದಪ್ಪ ಉಳಿದಿದೆ ಎಂದು ಅಳೆಸಿ. ತುಂಬ ಡೀಸೆಲ್ ಎಂಜಿನ್‌ಗಳಿಗೆ ಹೆಡ್ ಗ್ಯಾಸ್ಕೆಟ್ ಒಂದೇ ದಪ್ಪದಲ್ಲಿ ಬರುವುದಿಲ್ಲ. ಅಂಚಿನಲ್ಲಿ ಕಚ್ಚು ಅಥವಾ ತೂತುಗಳ ಗುರುತು ಇರುತ್ತದೆ. ಪಿಸ್ಟನ್ ಬ್ಲಾಕಿನ ಮೇಲೆ ಎಷ್ಟು ಎದ್ದು ನಿಲ್ಲುತ್ತದೆ ಎಂದು ಡಯಲ್ ಗೇಜಿನಲ್ಲಿ ಅಳೆದು ಅದಕ್ಕೆ ತಕ್ಕ ದಪ್ಪ ಆರಿಸಬೇಕು. ನಿಮ್ಮ ಕಾರಿಗೆ ಪಿಸ್ಟನ್ ಬದಲಾಗಿದೆ, ಹಾಗಾಗಿ ಈ ಅಳತೆಯೂ ಬದಲಾಗಿರಬಹುದು. ಕೊನೆಯದು ಬೋಲ್ಟು. ಈಗಿನ ಹೆಚ್ಚಿನ ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್ ಒಂದು ಸಲ ಬಿಗಿದರೆ ಹಿಗ್ಗುವಂಥದ್ದು. ಬಿಚ್ಚಿದರೆ ಹೊಸದೇ ಹಾಕಬೇಕು, ಟಾರ್ಕ್ ರೆಂಚಿನಲ್ಲಿ ಬಿಗಿದು ಆಮೇಲೆ ಹೇಳಿದಷ್ಟು ಡಿಗ್ರಿ ತಿರುಗಿಸಬೇಕು. ಪಾನಾಕ್ಕೆ ಪೈಪ್ ಸಿಕ್ಕಿಸಿ ‘ಟೈಟ್ ಆಯ್ತು’ ಅನ್ನುವ ಕೆಲಸವಲ್ಲ.

ಸ್ಕ್ರ್ಯಾಪ್ ಎಂಜಿನ್ ಅಗ್ಗ, ನಿಜ. ಆದರೆ ಅದು ಎಷ್ಟು ಓಡಿದೆ, ಯಾಕೆ ಹೊರಬಂತು, ಯಾವ ನೀರು ಕುಡಿದಿದೆ ಎಂದು ಯಾರೂ ಹೇಳುವುದಿಲ್ಲ. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ. ಬದಲಾದರೆ ಆರ್‌ಟಿಒದಲ್ಲಿ ದಾಖಲಾಗಬೇಕು, ಅದಕ್ಕೆ ಬಿಲ್ಲು ಬೇಕು. ಮಾಡಿಸದಿದ್ದರೆ ವಿಮೆ ಕ್ಲೇಮಿನ ಹೊತ್ತಿಗೂ ಮಾರುವ ಹೊತ್ತಿಗೂ ಸಿಕ್ಕಿಬೀಳುತ್ತೀರಿ. ಕದ್ದ ಗಾಡಿಯ ಎಂಜಿನ್ ಆಗಿದ್ದರಂತೂ ಪೊಲೀಸ್ ಸ್ಟೇಷನ್ ಮೆಟ್ಟಿಲು. ಮೇಲಾಗಿ ಹಳೇ ರೇಡಿಯೇಟರ್ ಮತ್ತು ಹಳೇ ಈಜಿಆರ್ ಕೂಲರ್ ಜೊತೆಗೇ ಅದನ್ನು ಕೂರಿಸಿದರೆ ಅದಕ್ಕೂ ಇದೇ ಗತಿ. ಶೋರೂಮಿನ ಹೊಸ ಬ್ಲಾಕ್‌ಗೂ ಈ ಕೊನೆಯ ಮಾತು ಅನ್ವಯಿಸುತ್ತದೆ. ₹1.8 ಲಕ್ಷದಲ್ಲಿ ಹೆಡ್ ಸೇರಿದೆಯೋ, ವಾರಂಟಿ ಎಷ್ಟು ತಿಂಗಳು, ಅದು ಲೇಬರಿಗೂ ಇದೆಯೋ, ಬರಹದಲ್ಲಿ ಕೇಳಿ. ನನ್ನ ಪ್ರಕಾರ 2014ರ ಕಾರಿಗೆ ಅಷ್ಟು ಹಾಕುವುದು ಲೆಕ್ಕಕ್ಕೆ ಹೊಂದುವುದಿಲ್ಲ.

ಮಾರುವುದಾದರೆ, ‘ಡೀಸೆಲ್ ಕಾರು ಹತ್ತು ವರ್ಷಕ್ಕೆ ಗುಜರಿ’ ಎಂದು ಹೆದರಿಸಿ ಬೆಲೆ ಇಳಿಸುವವರ ಮಾತು ಕೇಳಬೇಡಿ. ಆ ಹತ್ತು ವರ್ಷದ ಗಲಾಟೆ ದೆಹಲಿ ಸುತ್ತಮುತ್ತಲಿನದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ, ನಿಮ್ಮದಕ್ಕೆ 2029ರ ತನಕ ಸಮಯವಿದೆ. ಅದಾದ ಮೇಲೂ ಫಿಟ್‌ನೆಸ್ ಪಾಸಾದರೆ ನವೀಕರಿಸಬಹುದು. ಕೊಳ್ಳುವವರಿಗೆ ಆದ ರಿಪೇರಿಯನ್ನು ಹೇಳಿಯೇ ಮಾರಿ. 

ಪರೀಕ್ಷೆ ಮುಗಿಯುವ ತನಕ ಕಾರು ಓಡಿಸಲೇಬೇಕಾದರೆ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಸಾಕಷ್ಟು ಕಾರುಗಳಲ್ಲಿ ಅದು ನಡುವೆ ನಿಲ್ಲುವಂತೆಯೇ ಮಾಡಿರುತ್ತಾರೆ, ಬಿಸಿ ಒಂದಷ್ಟು ಏರಿದರೂ ಅಲುಗುವುದಿಲ್ಲ. ನೀರು ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ನಿಂತು ಕಡಿಮೆಯನ್ನೇ ತೋರಿಸಬಹುದು. ಕಾರಿನ ಕಂಪ್ಯೂಟರ್ ಸಾಕೆಟ್ಟಿಗೆ ಸಿಕ್ಕಿಸುವ ಒಂದು ಸಣ್ಣ ಒಬಿಡಿ ಬ್ಲೂಟೂತ್ ಸಾಧನ ತಗೊಂಡು ಮೊಬೈಲಿನಲ್ಲಿ ನಿಜವಾದ ಡಿಗ್ರಿ ನೋಡಿ. 105 ದಾಟಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ ಫ್ಯಾನ್ ಜೋರು ಮಾಡಿ. ಮೇ ತಿಂಗಳಲ್ಲಿ ಇದು ನರಕವೇ, ಆದರೆ ಅದೂ ಒಂದು ಸಣ್ಣ ರೇಡಿಯೇಟರ್. ಆಮೇಲೂ ಏರಿದರೆ ಬದಿಗೆ ನಿಲ್ಲಿಸಿ ಆಫ್ ಮಾಡಿ. ‘ಇನ್ನೇನು ಊರು ಬಂತು’ ಎಂದು ಓಡಿಸಿದ ಕೊನೆಯ ನಾಲ್ಕು ಕಿಲೋಮೀಟರೇ ಹೆಡ್ ಬಾಗಿಸುವುದು. ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ, ತಣ್ಣೀರು ಸುರಿಯಬೇಡಿ.

ಇನ್ನು ಕೇಸು. ಗ್ಯಾರೇಜಿನ ಕೆಲಸವೂ ಸೇವೆಯೇ. ಗ್ರಾಹಕರ ರಕ್ಷಣಾ ಕಾಯ್ದೆ 2019ರ ಪ್ರಕಾರ ಸೇವಾ ನ್ಯೂನತೆಗೆ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ನಿಮಗೆ ಬಾಗಲಕೋಟೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ರಾಜಿಗೆ ನೋಡಬಹುದು. ಆದರೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು, ಹಾಗಾಗಿ ಮೊದಲ ಗ್ಯಾರೇಜಿನ ₹18,000 ಬಹುಮಟ್ಟಿಗೆ ಕೈಬಿಟ್ಟ ಹಾಗೇ. ಎರಡನೆಯದಕ್ಕೂ ತಾರೀಖು ನೋಡಿಕೊಳ್ಳಿ. ದಸರಾ ಹೊತ್ತಿನ ₹95,000ದ ಬಿಲ್ಲಿಗೆ ಕಾಲಾವಕಾಶವಿದೆ. ಅಲ್ಲಿ ಗೆಲ್ಲಬೇಕಾದರೆ ‘ಕಾರು ಮತ್ತೆ ಕೆಟ್ಟಿತು’ ಎಂದರೆ ಸಾಲದು, ಅವರು ಮಾಡಿದ ಅಥವಾ ಮಾಡದೇ ಬಿಟ್ಟ ಯಾವ ಕೆಲಸದಿಂದ ಕೆಟ್ಟಿತು ಎಂದು ತೋರಿಸಬೇಕು. ಬೇರೊಬ್ಬ ಅನುಭವಿಯ ಬರಹದ ವರದಿ, ಪರೀಕ್ಷೆಯ ಫೋಟೋ, ವಿಡಿಯೋ ಬೇಕು. ಈಗಲೇ ಎಂಜಿನ್ ಬಿಚ್ಚಿಸಿದರೆ ಆ ಸಾಕ್ಷಿಯೂ ಹೋಗುತ್ತದೆ. ಹಾಗಾಗಿ ಆ ಗ್ಯಾರೇಜಿಗೆ ಮೊದಲು ಬರಹದಲ್ಲಿ ತಿಳಿಸಿ, ವಾಟ್ಸಾಪ್ ಆದರೂ ಸರಿ, ಗಾಡಿ ನೋಡಲು ಅವಕಾಶ ಕೊಡಿ. ಇನ್ನು ಮುಂದೆ ಎಲ್ಲೇ ಬಿಟ್ಟರೂ ಜಾಬ್ ಕಾರ್ಡ್ (ಮಾಡುವ ಕೆಲಸದ ಪಟ್ಟಿ ಬರೆದ ಚೀಟಿ) ಮತ್ತು ಬದಲಿಸಿದ ಹಳೇ ಪಾರ್ಟುಗಳನ್ನು ಕೇಳಿ ಪಡೆಯಿರಿ.

ಈ ವಾರ ಥರ್ಮೋಸ್ಟಾಟ್, ಕ್ಯಾಪ್, ಪ್ರೆಶರ್ ಟೆಸ್ಟ್, ನೀಲಿ ದ್ರವ, ಆಮೇಲೆ ಈಜಿಆರ್ ಬೈಪಾಸ್. ಅಲ್ಲಿಯ ತನಕ ಡಬ್ಬಿಗೆ ಬೋರ್ ನೀರು ಹಾಕಬೇಡಿ, ಡಿಸ್ಟಿಲ್ಡ್ ವಾಟರ್ ಹಾಕಿ. ಬೈಪಾಸ್ ಮಾಡಿದ ಮೇಲೂ ಗುಳ್ಳೆ ಬಂದರೆ ಫಲಿತಾಂಶಗಳ ಜೊತೆ ಮತ್ತೆ ಬರೆಯಿರಿ, ಹೆಡ್ ಬಿಚ್ಚುವ ಮಾತು ಆಗ ನೋಡೋಣ.